ಅಪ್ಪಯ್ಯ ಆಯಿನ ಕರ್ಕೊಂಡು ಕ್ಯಾಲಿಫೋರ್ನಿಯಾದ ಮರುಭೂಮಿ ಬಿಸಿನೀರಿನ ರೆಸಾರ್ಟಿಗೆ: ಯಾವಾಗ ಹೋಗೂದು, ಎಲ್ಲಿ ಉಳಿಯೂದು?

ತೋಟದಮನೆ_ಶಿರಸಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ. ನನ್ನ ತಂಗಿ ಗಂಡ, ಮಗಳ ಜೊತೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಇದ್ದಾಳೆ. ಅಪ್ಪಯ್ಯ ಆಯಿಗೆ ವೀಸಾ ಬಂತು, ಅವರಿಬ್ಬರನ್ನೇ ಕಳಿಸೂದು ಹೇಗೆ ಅಂತ ನಾನೂ ಜೊತೆಗೆ ಹೊರಟಿದ್ದೇನೆ. ತಂಗಿಗೆ ಒಂದೇ ಹಟ, ಇವರಿಬ್ಬರನ್ನ ಡೆಸರ್ಟ್ ಹಾಟ್ ಸ್ಪ್ರಿಂಗ್ಸ್ ಅಂತ ಒಂದು ಊರಿದೆಯಂತೆ, ಪಾಮ್ ಸ್ಪ್ರಿಂಗ್ಸ್ ಹತ್ರ, ಅಲ್ಲಿ ದೊಡ್ಡ ರೆಸಾರ್ಟಲ್ಲಿ ಎರಡು ರಾತ್ರಿ ಇಡ್ಬೇಕು, ಆಯಿ ಮಂಡಿನೋವಿಗೆ ಬಿಸಿನೀರು ಒಳ್ಳೇದು, ಜೀವಮಾನದಲ್ಲಿ ಒಂದ್ಸಲ ಆದ್ರೂ ಅವರು ಆರಾಮ ಮಾಡ್ಲಿ ಅಂತ. ಅವಳು ಕಳಿಸಿದ ದರ ನೋಡಿ ನಂಗೆ ತಲೆ ತಿರುಗ್ತು, ಎರಡು ರಾತ್ರಿಗೆ ಒಂದು ಕ್ವಿಂಟಲ್ ರಾಶಿ ಅಡಿಕೆ ದುಡ್ಡು ಹೋಗ್ತದೆ. ಇದನ್ನ ಅಪ್ಪಯ್ಯಂಗೆ ಹೇಳೇ ಇಲ್ಲ, ಹೇಳಿದ್ರೆ ಟಿಕೆಟ್ಟೇ ಕ್ಯಾನ್ಸಲ್ ಮಾಡಿ ಅಂತಾರೆ.

ನನ್ನ ತಲೆಬಿಸಿ ಏನಂದ್ರೆ, ಚಳಿಗಾಲದಲ್ಲಿ ಹೋದ್ರೇ ಚಂದ ಅಂತ ಎಲ್ಲ ಕಡೆ ಬರ್ದಿದ್ದಾರೆ ಆದ್ರೆ ಆ ಹೊತ್ತಿಗೆ ನಮ್ಮಲ್ಲಿ ಕೊಯ್ಲು, ಅಪ್ಪಯ್ಯ ಅಂಗಳ ಬಿಟ್ಟು ಶಿರಸಿ ಪೇಟೆಗೂ ಬರೂದಿಲ್ಲ. ಶಿವರಾತ್ರಿ ಕಳೆದ ಮೇಲೆ ಹೊರಟು, ಮಳೆ ಹಿಡಿಯೂ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯೂಕೆ ವಾಪಸ್ ಬಂದಿರ್ಬೇಕು. ಆಗ ಅಲ್ಲಿ ಸೆಕೆ ಹೇಗೆ? ಅಪ್ಪಯ್ಯಂಗೆ ಬಿಪಿ ಮಾತ್ರೆ ನಡೀತಾ ಇದೆ, ಬಿಸಿನೀರಲ್ಲಿ ಕೂರಬಹುದಾ? ಆಯಿ ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ, ಅಲ್ಲಿ ನೀರಿಗಿಳಿಯೂಕೆ ಎಂತ ಹಾಕ್ಬೇಕು? ಊಟ ನಮ್ದು ಶುದ್ಧ ಸಸ್ಯಾಹಾರ, ಮೊಟ್ಟೆನೂ ಇಲ್ಲ. ತಂಗಿ ಮಗಳಿಗೆ ಏಳು ವರ್ಷ, ಅವಳೂ ಬರ್ತಾಳೆ. ಹೋಗಿ ಬಂದವರು ಇದ್ರೆ ದಯಮಾಡಿ ಹೇಳಿ.

ಬಚ್ಚಲೊಲೆ:

ಅಲ್ಲ ಅಕ್ಕಾ, ಬಿಸಿನೀರಿಗೆ ಅಷ್ಟು ದೂರ ಹೋಗೂದು ಎಂತಕ್ಕೆ, ಅಡಿಕೆ ಸಿಪ್ಪೆ ಒಟ್ಟಿ ಹಂಡೆ ಕಾಸಿದ್ರೆ ಆಯಿ ಮಂಡಿಗೆ ಅದಕ್ಕಿಂತ ಒಳ್ಳೆ ನೀರು ಎಲ್ಲಿ ಸಿಗ್ತದೆ 😄 ಅದೂ ಬೇಡ ಅಂದ್ರೆ ಪುತ್ತೂರು ತಾಲೂಕಲ್ಲಿ ಇರ್ದೆ ಹತ್ರ ಬೆಂದ್ರ್ ತೀರ್ಥ ಇದೆ, ಕಾರವಾರದಿಂದ ಮೇಲೆ ಕೊಂಕಣ ರೈಲು ಹತ್ತಿದ್ರೆ ಸಂಗಮೇಶ್ವರದ ಹತ್ರ ತುರಳ, ಆರವಲಿಯಲ್ಲಿ ಹೆದ್ದಾರಿ ಬದಿಗೇ ಬಿಸಿನೀರಿನ ಕುಂಡ ಇದೆ. ರೆಸಾರ್ಟ್ ಫೀಸ್ ಇಲ್ಲ, ಟವೆಲ್ ನಮ್ದೇ.

ಕಾಳಿಸೇತುವೆ_ಕಾರವಾರ:

ಬಚ್ಚಲೊಲೆಯವರು ತಮಾಷೆಗೆ ಹೇಳಿದ್ರೂ ತುರಳದ ನೀರು ಒಳ್ಳೇದೇ, ಆದ್ರೆ ಪ್ರಶ್ನೆ ಅದಲ್ಲವಲ್ಲ. ತಂಗಿಯವರ ಆಸೆಗೆ ಕಲ್ಲು ಹಾಕೂದು ಬೇಡ, ಹೋಗಿ ಬನ್ನಿ. ನನ್ನ ಮಗ ಸ್ಯಾನ್ ಡಿಯಾಗೋದಲ್ಲಿ ಇದ್ದಾನೆ, ನಾನು ಮನೆಯವರು ಅಲ್ಲಿ ಹೋಗಿ ಉಳ್ಕೊಂಡವರೇ, ಅದಕ್ಕೆ ಬರೀತಾ ಇದ್ದೇನೆ.

ಮೊದಲು ಆ ಊರು ಎಂತದು ಅಂತ ತಿಳ್ಕೊಳ್ಳಿ, ಯಾಕಂದ್ರೆ ಫೋಟೋ ನೋಡಿ ಹೋದವರಿಗೆ ನಿರಾಸೆ ಆಗೂದು ಅಲ್ಲೇ. ರೆಸಾರ್ಟಿನ ಗೇಟೊಳಗೆ ತಾಳೆಮರ, ಹಸಿರು, ಕೊಳ, ಎಲ್ಲ ಚಂದ. ಗೇಟಿಂದ ಹೊರಗೆ ಬಿದ್ರೆ ಬರೀ ಮರಳು, ಮುಳ್ಳುಗಿಡ, ಸಾಧಾರಣ ಮನೆಗಳು, ಖಾಲಿ ಸೈಟು. ಅಂಗಡಿ ಬೀದಿ, ತಿರುಗಾಡೂ ಪೇಟೆ ಎಲ್ಲ ಪಾಮ್ ಸ್ಪ್ರಿಂಗ್ಸಲ್ಲಿ, ಅಲ್ಲಿಗೆ ಕಾರಲ್ಲಿ ಇಪ್ಪತ್ತು ನಿಮಿಷದ ಮೇಲೆ. ಆದ್ರೆ ಬಿಸಿನೀರು ಮಾತ್ರ ಈ ಊರಿಂದೇ. ಸ್ಯಾನ್ ಆಂಡ್ರಿಯಾಸ್ ಅಂತ ಭೂಕಂಪದ ದೊಡ್ಡ ಬಿರುಕು ಕೇಳಿರ್ತೀರಿ, ಅದರದ್ದೇ ಒಂದು ಕವಲು, ಮಿಷನ್ ಕ್ರೀಕ್ ಅಂತಾರೆ, ಊರ ಕೆಳಗೇ ಹಾದು ಹೋಗ್ತದೆ. ಆ ಬಿರುಕು ನೆಲದೊಳಗೆ ಗೋಡೆ ಹಾಗೆ ನಿಂತು ಒಂದು ಬದಿಗೆ ಬಿಸಿನೀರು ಇನ್ನೊಂದು ಬದಿಗೆ ತಣ್ಣೀರು ಬೇರೆ ಬೇರೆ ಮಾಡಿದೆ. 1913ರಲ್ಲಿ ಕ್ಯಾಬಟ್ ಯರ್ಕ್ಸಾ ಅಂತ ಒಬ್ಬ ಅಲ್ಲಿ ಜಾಗ ಹಿಡಿದು ಕೂತ, ಕುಡಿಯೂ ನೀರು ಮೈಲುಗಟ್ಲೆ ದೂರದಿಂದ ಹೊರಬೇಕಿತ್ತು, ಕೈಯಿಂದಲೇ ಬಾವಿ ತೋಡಿದ್ರೆ ಕುದಿಯೂ ಹಾಗಿನ ನೀರು ಬಂತು, ಅಲ್ಲೇ ಸ್ವಲ್ಪ ದೂರ ಇನ್ನೊಂದು ತೋಡಿದ ಅದರಲ್ಲಿ ತಣ್ಣೀರು. ಅವನು ಹಳೇ ಮರ ಸಾಮಾನು ಆಯ್ದು ತಂದು ಕಟ್ಟಿದ 35 ಕೋಣೆಯ ಮಣ್ಣುಬಣ್ಣದ ಮನೆ ಈಗ ಮ್ಯೂಸಿಯಂ. ನಿಮ್ಮ ಅಪ್ಪಯ್ಯ ಬಾವಿ ತೋಡ್ಸಿದವರಾದ್ರೆ ಸ್ಪಾಕ್ಕಿಂತ ಅದೇ ಖುಷಿ ಆಗಬಹುದು, ನೋಡಿ. ಮತ್ತೆ ಅಲ್ಲಿನ ನೀರಿಗೆ ಗಂಧಕದ ವಾಸನೆ ಇಲ್ಲ, ನಂಗೆ ಅದು ಆಶ್ಚರ್ಯ ಆಯ್ತು, ತುರಳದಲ್ಲಿ ಮೂಗು ಮುಚ್ಕೊಂಡು ಕೂತವನು ನಾನು.

ಸೀಸನ್ ವಿಷಯ. ನವೆಂಬರಿಂದ ಫೆಬ್ರವರಿ ಎಲ್ಲರೂ ಹೇಳೂದು ಸರಿ, ಆದ್ರೆ ಆವಾಗ ರಾತ್ರಿ ಚಳಿ ಏಳೆಂಟು ಡಿಗ್ರಿಗೆ ಇಳೀತದೆ, ವಯಸ್ಸಾದವರು ಕೊಳದಿಂದ ಎದ್ದು ಒದ್ದೆಮೈಲಿ ರೂಮಿಗೆ ನಡೀಬೇಕು. ನಿಮ್ಗೆ ಸಿಗೂ ಮಾರ್ಚ್ ಕೊನೆ ವಾರ, ಏಪ್ರಿಲ್ ಮೊದಲ ವಾರ ನನ್ನ ಪ್ರಕಾರ ಅದಕ್ಕಿಂತ ಒಳ್ಳೇದು, ಹಗಲು ನಮ್ಮ ಡಿಸೆಂಬರಿನ ಹಾಗೆ. ಮಾರ್ಚ್ ಮೊದಲರ್ಧ ಬೇಡ, ಅಲ್ಲೇ ಹತ್ರ ಇಂಡಿಯನ್ ವೆಲ್ಸ್ ಅನ್ನೂ ಊರಲ್ಲಿ ಟೆನಿಸ್ ಟೂರ್ನಮೆಂಟ್ ಇರ್ತದೆ, ಏಪ್ರಿಲ್ ಮಧ್ಯದಲ್ಲಿ ಕೋಚೆಲ್ಲಾ ಸಂಗೀತೋತ್ಸವ ಎರಡು ವೀಕೆಂಡ್, ಅದರ ಬೆನ್ನಿಗೆ ಇನ್ನೊಂದು, ಆಗ ಇಡೀ ಕಣಿವೆಯಲ್ಲಿ ರೂಮಿನ ದರ ಕೇಳೂ ಹಾಗಿಲ್ಲ. ಮೇ ಕೊನೆಗೆ ಹೋದ್ರೆ ನಲವತ್ತು ಡಿಗ್ರಿ ಹತ್ರ, ಬಿಸಿನೀರಲ್ಲಿ ಕೂರೂಕೆ ಯಾರಿಗೆ ಮನಸ್ಸು ಬರ್ತದೆ. ಶುಕ್ರ ಶನಿ ಬಿಟ್ಬಿಡಿ. ಸೋಮವಾರ ಹೋಗಿ ಬುಧವಾರ ಬಂದ್ರೆ ದರದಲ್ಲೂ ಗದ್ದಲದಲ್ಲೂ ಎಷ್ಟು ವ್ಯತ್ಯಾಸ ಅಂತ ತಂಗಿಗೆ ಅದೇ ಸೈಟಲ್ಲಿ ತಾರೀಕು ಬದಲಾಯಿಸಿ ನೋಡೂಕೆ ಹೇಳಿ. ಶುಕ್ರವಾರ ಸಂಜೆ ಅರ್ವೈನ್ ಬಿಟ್ರೆ ಎರಡು ಗಂಟೆ ದಾರಿ ನಾಲ್ಕು ಗಂಟೆ ಆಗ್ತದೆ, ಇದು ಬೇರೆ.

ಒಂದು ವಿಷಯ ಯಾರೂ ಹೇಳೂದಿಲ್ಲ, ಗಾಳಿ. ಊರಿಗೆ ಬರೂ ಮೊದಲು ಹೆದ್ದಾರಿ ಬದಿ ಸಾಲುಸಾಲು ಗಾಳಿಯಂತ್ರ ಕಾಣ್ತದೆ, ಅಲ್ಲಿ ನಿಲ್ಸಿದ್ದು ಸುಮ್ನೆ ಅಲ್ಲ. ಎರಡು ದೊಡ್ಡ ಗುಡ್ಡದ ನಡುವೆ ಇಕ್ಕಟ್ಟು ಸಂದಿ, ಕಡಲ ಕಡೆಯ ತಣ್ಣನೆ ಗಾಳಿ ಅದರೊಳಗಿಂದ ಮರುಭೂಮಿಗೆ ನುಗ್ತದೆ, ವಸಂತ ಕಾಲದಲ್ಲಿ ಮಧ್ಯಾಹ್ನ ದಾಟಿದ್ರೆ ಜೋರು. ನಾವು ಕಾರವಾರದ ಬೀಚಲ್ಲಿ ಬೆಳೆದವರು ಗಾಳಿಗೆ ಹೆದರೂದಿಲ್ಲ, ಆದ್ರೆ ಅದರಲ್ಲಿ ಮರಳು ಇರ್ತದೆ ಮಾರಾಯ್ರೆ, ಒದ್ದೆ ಮುಖಕ್ಕೆ ಹೊಡೆದ್ರೆ ಗೊತ್ತಾಗ್ತದೆ. ಬೆಳಿಗ್ಗೆ ಬೇಗ ಎದ್ದು ನೀರಿಗಿಳೀಬೇಕು, ಏಳೂವರೆ ಎಂಟಕ್ಕೆ. ಕೊಳದಲ್ಲಿ ಯಾರೂ ಇರೂದಿಲ್ಲ, ಗಾಳಿ ಇಲ್ಲ, ಎದುರಿಗೆ ಸ್ಯಾನ್ ಹಸಿಂಟೊ ಗುಡ್ಡದ ತುದಿಯಲ್ಲಿ ಹಿಮ, ಇಲ್ಲಿ ನೀರಿಂದ ಹಬೆ ಏಳ್ತಾ ಇರ್ತದೆ. ಬೇಗ ಏಳೂದು ನಿಮ್ಮ ಅಪ್ಪಯ್ಯಂಗೆ ಹೇಳಿಕೊಡಬೇಕಾಗಿಲ್ಲ ಬಿಡಿ.

ಯಲ್ಲಾಪುರದವ:

ನಾನು ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದ್ದೇನೆ, ಆ ಕಡೆ ಓಡಾಟ ಇದೆ. ಕಾಳಿಸೇತುವೆಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೇನೆ, ಎರಡೂ ಬುಕ್ ಮಾಡೂ ಮೊದಲೇ ನೋಡ್ಬೇಕಾದ್ದು.

ಒಂದು, ಆ ಊರಲ್ಲಿ ಬಿಸಿನೀರಿನ ಹೋಟೆಲು ಸುಮಾರಿದೆ, ಅದರಲ್ಲಿ ಕೆಲವು "ಕ್ಲೋದಿಂಗ್ ಆಪ್ಷನಲ್". ಅಂದ್ರೆ ಬಟ್ಟೆ ಹಾಕಿದ್ರೂ ಆಯ್ತು, ಇಲ್ಲದಿದ್ರೂ ಆಯ್ತು. ಸೈಟಲ್ಲಿ ಅದನ್ನ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ. ಅಪ್ಪಯ್ಯ ಪಂಚೆ ಉಟ್ಟು ಬೆಳಿಗ್ಗೆ ಏಳೂವರೆಗೆ ಕೊಳದ ಹತ್ರ ಹೋಗಿ ಅಲ್ಲಿ ನೋಡಿದ್ದನ್ನ ಊರಿಗೆ ಬಂದು ಪಂಕ್ತಿ ಊಟದಲ್ಲಿ ವರ್ಣಿಸೂದು ಬೇಡ ಅಂದ್ರೆ ದಯಮಾಡಿ ಫೋನ್ ಮಾಡಿ ಕೇಳಿ 🙏

ಎರಡು, ತಂಗಿ ಹೇಳಿದ ದೊಡ್ಡ ಲಕ್ಷುರಿ ರೆಸಾರ್ಟ್ ಟೂ ಬಂಚ್ ಪಾಮ್ಸ್ ಆಗಿರ್ಬೇಕು ಅಂತ ನನ್ನ ಅಂದಾಜು, ಅಲ್ಲಿ ಹೆಸರಿರೂದು ಅದಕ್ಕೇ. ಅದು ದೊಡ್ಡವರಿಗೆ ಮಾತ್ರ. ಏಳು ವರ್ಷದ ಮಗು ಒಳಗೆ ಬಿಡೂದಿಲ್ಲ. ಮತ್ತೆ ಅಲ್ಲಿ ಪಿಸುಮಾತಿಗಿಂತ ಜೋರಾಗಿ ಮಾತಾಡೂ ಹಾಗಿಲ್ಲ ಅಂತ ನಿಯಮ, ಮೊಬೈಲ್ ಮಾತು ಕೊಳದ ಹತ್ರ ಇಲ್ಲವೇ ಇಲ್ಲ. ಜಾಗ ಅದ್ಭುತ, ಸುಳ್ಳು ಹೇಳೂದಿಲ್ಲ, ಆದ್ರೆ ಅದು ಗಂಡ ಹೆಂಡತಿ ಇಬ್ಬರೇ ಹೋಗಿ ಕಣ್ಣು ಮುಚ್ಚಿ ಮಲಗೂ ಜಾಗ, ಆರು ಜನದ ಕುಟುಂಬ ಬುತ್ತಿ ಕಟ್ಕೊಂಡು ಹೋಗೂ ಜಾಗ ಅಲ್ಲ. ನಿಮ್ಗೆ ಸರಿ ಆಗೂದು ಅದೇ ಊರಿನ ಹಳೇ ಕಾಲದ ಸಣ್ಣ ಮೋಟೆಲು. ಐವತ್ತು ಅರವತ್ತರ ದಶಕದ ಕಟ್ಟಡ, ನಡುವೆ ಕೊಳ ಸುತ್ತ ಎಂಟು ಹತ್ತು ರೂಮು, ಚಂದ ರಿಪೇರಿ ಮಾಡಿ ಇಟ್ಟಿದ್ದಾರೆ, ನೀರು ಅದೇ ನೆಲದ ಕೆಳಗಿಂದು. ಎಷ್ಟೋ ಕಡೆ ರೂಮಲ್ಲೇ ಅಡುಗೆಮನೆ ಇರ್ತದೆ. ಅವುಗಳಲ್ಲೂ ಕೆಲವು ಮಕ್ಕಳಿಗಿಲ್ಲ, ಕೇಳ್ಕೊಳ್ಳಿ.

ದರದ ಬಗ್ಗೆ: 2024 ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ರೆಸಾರ್ಟ್ ಫೀಸ್ ಅಂತ ಕೊನೆಗೆ ತುರುಕೂ ಹಾಗಿಲ್ಲ, ಕಡ್ಡಾಯ ಶುಲ್ಕವೆಲ್ಲ ಮೊದಲು ತೋರ್ಸೂ ದರದಲ್ಲೇ ಇರ್ಬೇಕು. ಆದ್ರೆ ಊರಿನ ತೆರಿಗೆ ಬೇರೆ ಬೀಳ್ತದೆ. ಮಸಾಜ್ ಮಾಡ್ಸಿದ್ರೆ ಟಿಪ್ ನೂರಕ್ಕೆ ಹದಿನೆಂಟು ಇಪ್ಪತ್ತು, ಕೆಲವು ಕಡೆ ಬಿಲ್ಲಲ್ಲೇ ಹಾಕಿರ್ತಾರೆ, ನೋಡದೆ ಇನ್ನೊಂದ್ಸಲ ಕೊಡ್ಬೇಡಿ.

ಹೊನ್ನಾವರ_ಸಿಸ್ಟರ್:

ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೀರು ಚಂದ, ಗುಡ್ಡ ಚಂದ ಎಲ್ಲ ಸರಿ, ಬಿಪಿ ವಿಷಯ ಯಾರೂ ಮುಟ್ಟಲೇ ಇಲ್ಲ ಅಲ್ವಾ.

ಬಿಸಿನೀರಲ್ಲಿ ಕೂತ್ರೆ ಮೈಯ ರಕ್ತನಾಳ ಹಿಗ್ತದೆ, ಬಿಪಿ ಇಳೀತದೆ. ಮಾತ್ರೆ ತಗೊಳ್ಳೂವವರಿಗೆ ಅದು ಇನ್ನೂ ಇಳೀತದೆ. ಕೂತಿರೂವಾಗ ಏನೂ ಗೊತ್ತಾಗೂದಿಲ್ಲ, ಹಾಯ್ ಅಂತಿರ್ತದೆ, ಫಕ್ಕನೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಒದ್ದೆ ಕಲ್ಲಿನ ಮೇಲೆ ಬೀಳೂದು. ಎಪ್ಪತ್ತರ ಮೇಲಿನವರು ಬಿದ್ರೆ ಸೊಂಟದ ಎಲುಬು, ಅದೂ ಅಮೆರಿಕಾದಲ್ಲಿ. ಹಾಗಾಗಿ ಹೊರಡೂ ಮೊದಲು ಅವರ ಡಾಕ್ಟರ ಹತ್ರ ಬಾಯಿಬಿಟ್ಟು ಕೇಳಿ, ಇಂತಿಂಥ ಮಾತ್ರೆ, ಬಿಸಿನೀರಲ್ಲಿ ಕೂರಬಹುದಾ ಅಂತ. ಅವರು ಅಡ್ಡಿಲ್ಲ ಅಂದ್ರೂ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ, ನೀರು 40 ಡಿಗ್ರಿ ಸೆಲ್ಸಿಯಸ್ ದಾಟಿರಬಾರದು, ಅಲ್ಲಿ ಬೋರ್ಡಿನ ಮೇಲೆ ಫ್ಯಾರನ್‌ಹೀಟ್‌ಲ್ಲಿ 104 ಅಂತ ಬರ್ದಿರ್ತಾರೆ. ಸಾಮಾನ್ಯ ಎರಡು ಮೂರು ಕೊಳ ಬೇರೆ ಬೇರೆ ಬಿಸಿಯದ್ದು ಇರ್ತದೆ, ಅಪ್ಪಯ್ಯಂಗೆ ಉಗುರು ಬೆಚ್ಚಗಿನದ್ದೇ ಸಾಕು. ಮೊದಲು ಮೆಟ್ಟಿಲ ಮೇಲೆ ಕೂತು ಮೊಣಕಾಲವರೆಗೆ ಮಾತ್ರ, ಆಮೇಲೆ ಸೊಂಟದವರೆಗೆ. ಏಳೂವಾಗ ಕಂಬಿ ಹಿಡಿದು ಒಂದು ನಿಮಿಷ ಅಲ್ಲೇ ಕೂತು ಏಳ್ಬೇಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಆಯಿಗೆ ಶುಗರ್ ಇದ್ಯಾ? ಇದ್ದು ಪಾದ ಜೋಮು ಹಿಡಿಯೂದಾದ್ರೆ ನೀರು ಎಷ್ಟು ಬಿಸಿ ಅಂತ ಕಾಲಿಗೆ ಗೊತ್ತಾಗೂದಿಲ್ಲ, ನೀವು ಮೊದಲು ಕೈ ಹಾಕಿ ನೋಡಿ. ತಲೆ ಮುಳುಗಿಸೂದು ಯಾರೂ ಬೇಡ, ಮಗುಗಂತೂ ಮೂಗಿಗೆ ನೀರು ಹೋಗದ ಹಾಗೆ ನೋಡ್ಕೊಳ್ಳಿ, ಬಿಸಿಕೊಳದಲ್ಲಿ ಚಿಕ್ಕ ಮಕ್ಕಳನ್ನ ಹೆಚ್ಚು ಹೊತ್ತು ಬಿಡಬಾರದು. ಮಂಡಿನೋವು ಗುಣ ಆಗ್ತದೆ ಅಂತ ನಂಬ್ಕೊಂಡು ಹೋಗ್ಬೇಡಿ, ಒಂದೆರಡು ದಿನ ಹಗುರ ಅನ್ಸ್ತದೆ ಅಷ್ಟೇ, ಅದೂ ಸಣ್ಣದಲ್ಲ ಬಿಡಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ, ಒಣಹವೆ. ಘಟ್ಟದ, ಕರಾವಳಿಯ ತೇವಕ್ಕೆ ಹೊಂದಿದ ಮೈ ನಮ್ದು. ಅಲ್ಲಿ ಬೆವರು ಬಂದದ್ದೇ ಗೊತ್ತಾಗೂದಿಲ್ಲ, ಆರಿ ಹೋಗ್ತದೆ, ಬಾಯಾರಿಕೆ ಆಗೂ ಹೊತ್ತಿಗೆ ತಡ ಆಗಿರ್ತದೆ. ತುಟಿ, ಹಿಮ್ಮಡಿ ಒಂದೇ ದಿನಕ್ಕೆ ಒಡೀತದೆ. ಕೊಬ್ಬರಿ ಎಣ್ಣೆ ತಗೊಂಡು ಹೋಗಿ, ಗಂಟೆಗೊಂದ್ಸಲ ನೀರು ಕುಡ್ಸಿ. ಟ್ರಾವೆಲ್ ಇನ್ಶೂರೆನ್ಸ್ ಮಾಡ್ಸೂವಾಗ ಬಿಪಿ ಇದೆ ಅಂತ ಬರ್ಸಿ, ಮುಚ್ಚಿಟ್ರೆ ಬೇಕಾದಾಗ ಅದು ಉಪಯೋಗಕ್ಕೆ ಬರೂದಿಲ್ಲ. ಮಾತ್ರೆ ಚೀಟಿ ಸಮೇತ ಕೈಚೀಲದಲ್ಲೇ ಇರ್ಲಿ.

ಭಟ್ಕಳ_ಮಲ್ಲಿಗೆ:

ಅಕ್ಕಾ ನೀರಿಗಿಳಿಯೂ ಬಟ್ಟೆ ಬಗ್ಗೆ ನಾನು ಹೇಳ್ತೇನೆ. ನಮ್ಮವರು ದುಬೈಯಲ್ಲಿ ಇರೂದು, ಅಲ್ ಐನ್ ಊರಲ್ಲಿ ಜೆಬೆಲ್ ಹಫೀತ್ ಗುಡ್ಡದ ಬುಡಕ್ಕೆ ಗ್ರೀನ್ ಮುಬಝ್ಝರಾ ಅಂತ ಬಿಸಿನೀರಿನ ಜಾಗ ಇದೆ, ಮರುಭೂಮಿಯೇ ಅದೂ. ಅಲ್ಲಿ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರೂವವರೇ ಜಾಸ್ತಿ, ಹೆಂಗಸರಿಗೆ ಕೊಳ ಬೇರೆ, ಯಾರೂ ಏನೂ ಕೇಳೂದಿಲ್ಲ. ಅಮೆರಿಕಾದಲ್ಲಿ ಹಾಗಲ್ಲ, ಸೀರೆ, ಹತ್ತಿ ಚೂಡಿದಾರ್, ನೈಟಿ ಹಾಕಿ ಕೊಳಕ್ಕೆ ಇಳಿಯೂಕೆ ಬಿಡೂದಿಲ್ಲ, ನೀರು ಹಾಳಾಗ್ತದೆ ಅಂತ. ಆದ್ರೆ ತುಂಡುಬಟ್ಟೆಯೇ ಬೇಕು ಅಂತನೂ ಇಲ್ಲ. ಈಜುಬಟ್ಟೆಯ ಬಟ್ಟೆಯಿಂದಲೇ ಹೊಲಿದ ಉದ್ದ ತೋಳಿನ ಮೇಲಂಗಿ, ಪಾದದವರೆಗಿನ ಪ್ಯಾಂಟು, ಅದರ ಮೇಲೆ ಮೊಣಕಾಲವರೆಗೆ ಲಂಗದ ಹಾಗೆ ಇರ್ತದಲ್ಲ, ಫುಲ್ ಸೆಟ್ ಸಿಗ್ತದೆ, ನಮ್ಮ ಮನೆಯ ಹೆಂಗಸರು ಎಲ್ಲ ಅದೇ ಹಾಕೂದು. ಒಂದು ಸೈಜ್ ದೊಡ್ಡದೇ ತಗೊಳ್ಳಿ, ಒದ್ದೆ ಆದ್ಮೇಲೆ ಬಿಚ್ಚೂಕೆ ಪ್ರಾಣ ಹೋಗ್ತದೆ. ಇಲ್ಲೇ ಮನೆಯಲ್ಲಿ ಒಂದ್ಸಲ ಹಾಕ್ಸಿ ಬಚ್ಚಲಲ್ಲಿ ನೀರು ಹಾಕಿ ನೋಡಿ, ಅಲ್ಲಿ ಹೋಗಿ ಆಯಿ ನಾಚ್ಕೊಂಡು ರೂಮಲ್ಲೇ ಕೂತ್ರೆ ದುಡ್ಡು ದಂಡ. ಬೆಳ್ಳಿ ಕಾಲುಂಗುರ ಖನಿಜದ ನೀರಿಗೆ ಕಪ್ಪಾಗಬಹುದು, ತೆಗೀಲಿಕ್ಕೆ ಆಯಿ ಒಪ್ಪದಿದ್ರೆ ಬಿಡಿ, ಊರಿಗೆ ಬಂದ್ಮೇಲೆ ತಿಕ್ಕಿದ್ರೆ ಹೋಗ್ತದೆ.

ತೋಟದಮನೆ_ಶಿರಸಿ:

ಅಯ್ಯೋ ಎಷ್ಟು ಚಂದ ಬರ್ದಿದ್ದೀರಿ ಎಲ್ರೂ. ಯಲ್ಲಾಪುರದವ್ರೇ, ತಂಗಿ ಹೇಳಿದ್ದು ಅದೇ ಟೂ ಬಂಚ್ ಪಾಮ್ಸು. ಮಗು ಬಿಡೂದಿಲ್ಲ ಅಂತ ಅವಳು ನೋಡೇ ಇರ್ಲಿಲ್ಲ. ಮತ್ತೆ ಪಿಸುಮಾತು ಅಂದ್ರಲ್ಲ, ನಮ್ಮ ಅಪ್ಪಯ್ಯ ಫೋನಲ್ಲಿ ಹಲೋ ಅಂದ್ರೆ ತೋಟದ ಆಚೆ ದಂಡೆಗೆ ಕೇಳ್ತದೆ, ಮೊದಲ ದಿನವೇ ಹೊರಗೆ ಹಾಕ್ತಾರೆ 😂

ಈಗ ಹೀಗೆ ಅಂದ್ಕೊಂಡಿದ್ದೇವೆ. ಮಾರ್ಚ್ ಕೊನೆಯ ಸೋಮವಾರ ಹೊರಟು ಬುಧವಾರ ವಾಪಸ್. ಮಕ್ಕಳಿಗೂ ಅಡ್ಡಿಲ್ಲ ಅನ್ನೂ ಸಣ್ಣ ಮೋಟೆಲಲ್ಲಿ ಅಡುಗೆಮನೆ ಇರೂ ಎರಡು ರೂಮು, ತಂಗಿ ಇವತ್ತು ರಾತ್ರಿ ಫೋನ್ ಮಾಡಿ ಬಟ್ಟೆ ವಿಷಯ ಸಮೇತ ಕೇಳ್ತಾಳೆ. ದೊಡ್ಡ ರೆಸಾರ್ಟಿಗೆ ಅವಳೂ ಭಾವನೂ ಇನ್ಯಾವಾಗಾದ್ರೂ ಇಬ್ಬರೇ ಹೋಗ್ಲಿ. ಆಯಿಗೆ ಶುಗರ್ ಇಲ್ಲ ಸಿಸ್ಟರ್, ಅಪ್ಪಯ್ಯನ್ನ ಮುಂದಿನ ವಾರ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೇನೆ. ಅಡುಗೆ ಮಾಡ್ಕೊಳ್ಳೂದಾದ್ರೆ ಇಲ್ಲಿಂದ ಎಂತೆಂತ ತಗೊಂಡು ಹೋಗಬಹುದು? ಆಯಿ ಈಗ್ಲೇ ಅಪ್ಪೆಮಿಡಿ, ಹಪ್ಪಳ, ಕರಿಬೇವು ಅಂತ ಪಟ್ಟಿ ಶುರು ಮಾಡಿದ್ದಾಳೆ. ಮತ್ತೆ ನಡುವಿನ ಮಂಗಳವಾರ ಇಡೀ ದಿನ ಎಂತ ಮಾಡೂದು, ನೀರಲ್ಲೇ ಕೂರೂಕೆ ಆಗೂದಿಲ್ಲವಲ್ಲ.

ಕಾಳಿಸೇತುವೆ_ಕಾರವಾರ:

ಒಳ್ಳೆ ತೀರ್ಮಾನ. ಮಂಗಳವಾರ ಬೆಳಿಗ್ಗೆ ನೀರು ಮುಗ್ಸಿ, ತಿಂಡಿ ತಿಂದು ಪಾಮ್ ಸ್ಪ್ರಿಂಗ್ಸಿನ ಟ್ರಾಮ್‌ವೇಗೆ ಹೋಗಿ. 1963ರಿಂದ ಇದೆ ಅದು, ಹಗ್ಗದ ಮೇಲೆ ಹೋಗೂ ದೊಡ್ಡ ಗಾಜಿನ ಡಬ್ಬಿ, ಮೇಲೇರ್ತಾ ಅದರ ನೆಲವೇ ನಿಧಾನ ಸುತ್ತು ತಿರುಗ್ತದೆ, ಹತ್ತೇ ನಿಮಿಷಕ್ಕೆ 2,643 ಅಡಿಯಿಂದ 8,516 ಅಡಿಗೆ. ಕೆಳಗೆ ಕಳ್ಳಿಗಿಡ, ಮೇಲೆ ಪೈನ್ ಮರ, ಮಾರ್ಚಲ್ಲಿ ಹಿಮವೂ ಇರಬಹುದು. ಸ್ವೆಟರ್ ಬೇಕೇ ಬೇಕು. ಅಪ್ಪಯ್ಯನ್ನ ಮೇಲೆ ಹೆಚ್ಚು ನಡೆಸ್ಬೇಡಿ, ಕಿಟಕಿ ಬದಿ ಕೂತು ನೋಡಿದ್ರೆ ಸಾಕು. ಗುಡ್ಡ ಬೇಡ ಅಂದ್ರೆ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ, ಕಾರಲ್ಲೇ ಸುತ್ತಬಹುದು, ಕೀಸ್ ವ್ಯೂ ಅಂತ ತುದಿಗೆ ಹೋಗಿ ನಿಂತ್ರೆ ಆ ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದು ಹೋದ ಕಣಿವೆ ಪೂರ್ತಿ ಕಾಣ್ತದೆ. ಒಳಗೆ ಅಂಗಡಿ ಹೋಟ್ಲು ಒಂದೂ ಇಲ್ಲ, ನೀರು ಬುತ್ತಿ ಪೇಟೆಯಲ್ಲೇ ತುಂಬ್ಸಿ. ಎರಡೂ ಒಂದೇ ದಿನ ಬೇಡ. ಮತ್ತೆ ಆ ಕಣಿವೆ ಖರ್ಜೂರಕ್ಕೆ ಹೆಸರು, ಅಮೆರಿಕಾದ ಖರ್ಜೂರ ಬಹುಪಾಲು ಅಲ್ಲೇ ಬೆಳೆಯೂದು. ಇಂಡಿಯೋ ಕಡೆ ತೋಟದ ಅಂಗಡಿಗಳಲ್ಲಿ ಖರ್ಜೂರದ ಮಿಲ್ಕ್‌ಶೇಕ್ ಕೊಡ್ತಾರೆ, ಮಗುಗೆ ಕೊಡ್ಸಿ. ಅಡಿಕೆಯವರಿಗೆ ಆ ತೋಟ ನೋಡೂದೇ ಒಂದು ಕೆಲಸ, ಮರ ಹತ್ತೂ ಏಣಿ ಮರಕ್ಕೇ ಕಟ್ಟಿಟ್ಟಿರ್ತಾರೆ, ನಿಮ್ಮ ಅಪ್ಪಯ್ಯ ಅಲ್ಲಿಂದ ಬೇಗ ಹೊರಡೂದಿಲ್ಲ ನೋಡಿ.

ಯಲ್ಲಾಪುರದವ:

ಕರಿಬೇವು ಮಾತ್ರ ಬೇಡ ಅಂತ ಆಯಿಗೆ ಹೇಳಿ. ಹಸಿ ಸೊಪ್ಪು ಅಮೆರಿಕಾದೊಳಗೆ ಬಿಡೂದೇ ಇಲ್ಲ, ಕಿತ್ತಳೆ ಜಾತಿ ಗಿಡಕ್ಕೆ ರೋಗ ತರ್ತದೆ ಅಂತ. ಹಸಿ ಹಣ್ಣು, ತರಕಾರಿ, ನೆಡೂ ಬೀಜ ಯಾವುದೂ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಸಾರಿನಪುಡಿ ಅಡ್ಡಿಲ್ಲ, ಉಪ್ಪಿನಕಾಯಿ ಎರಡು ಕವರಲ್ಲಿ ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಇಟ್ರೆ ಎಣ್ಣೆ ಅಂತ ತೆಗೀತಾರೆ. ಇಳಿದಾಗ ತಿಂಡಿ ಸಾಮಾನು ಇದ್ಯಾ ಅಂತ ಕೇಳ್ತಾರೆ, ಇದೆ ಅಂತಲೇ ಹೇಳಿ, ಬಚ್ಚಿಟ್ಟು ಸಿಕ್ಕಿಬಿದ್ರೆ ದಂಡ. ಅಕ್ಕಿ, ಬೇಳೆ, ಮೊಸರು ಅರ್ವೈನಲ್ಲೇ ಇಂಡಿಯನ್ ಅಂಗಡಿ ಬೇಕಾದಷ್ಟಿದೆ, ಸೋಮವಾರ ಹೊರಡೂ ಮೊದಲು ತಂಗಿಗೆ ಒಂದು ಡಬ್ಬಿಗೆ ತುಂಬ್ಸಿ ಇಡೂಕೆ ಹೇಳಿ, ಆ ಮರಳೂರಲ್ಲಿ ಹುಡುಕ್ತಾ ಹೋಗ್ಬೇಡಿ. ಮೋಟೆಲಿಗೆ ಫೋನ್ ಮಾಡೂವಾಗ ಎಷ್ಟು ದಿನ ಮೊದಲು ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರ್ತದೆ ಅಂತಲೂ ಕೇಳ್ಸಿ, ಸಣ್ಣ ಜಾಗದವರು ಅದರಲ್ಲಿ ಬಿಗಿ.

ಬಚ್ಚಲೊಲೆ:

ಅಪ್ಪಯ್ಯಂಗೆ ದರ ಮಾತ್ರ ಕೊನೆವರೆಗೂ ಹೇಳ್ಬೇಡಿ ಅಕ್ಕಾ. ಕೇಳಿದ್ರೆ ಭಾವನ ಆಫೀಸಿಂದ ಫ್ರೀ ಅಂತ ಹೇಳಿಬಿಡಿ.